ಧೂಮಪಾನ ಶಬ್ದದ ಅರ್ಥಾಂತರವೂ ಹೊಗೆಸೊಪ್ಪಿನ ನರಪ್ರಭಾವವೂ

ಧೂಮಪಾನ, ನಸ್ಯ ಎಂಬ ಶಬ್ದಗಳೆರಡೂ ಆಯುರ್ವೇದದಲ್ಲಿ ಅತಿ ಪ್ರಾಚೀನವಾದುವು. ಇವು ಸಂಹಿತೆಗಳಲ್ಲಿ ಕಾಣುವುದರಿಂದ ಹೊಗೆಸೊಪ್ಪಿನ ಸೇವನೆಗೂ ಶಾಸ್ತ್ರಸಮ್ಮತಿಯುಂಟೆಂದು ಹೇಳುವವರುಂಟು. ಶಬ್ದವೊಂದೇ ಆದ ಮಾತ್ರಕ್ಕೆ ಪದಾರ್ಥವೂ ಒಂದೇ ಎಂದು ಸಿದ್ಧಿಸದು. ಆದುದರಿಂದ ಈ ಪೂರ್ವಪಕ್ಷವು ಪರಿಶೀಲನಾರ್ಹವಾಗಿದೆ.

ಚರಕಸಂಹಿತೆಯ ಸೂತ್ರಸ್ಥಾನದ 5ನೆಯ ಅಧ್ಯಾಯದಲ್ಲಿ ಪ್ರಾಯೋಗಿಕ, ಸ್ನೈಹಿಕ, ವೈರೇಚನಿಕ ಎಂದು ಧೂಮವು ಮೂರು ವಿಧವಾಗಿ ಹೇಳಲ್ಪಟ್ಟಿದೆ. ಪ್ರಾಯೋಗಿಕ ಧೂಮದ ವರ್ತಿಗೆ ಚಂದನ, ಏಲಾ, ಉಶೀರ, ಗುಗ್ಗುಲು ಮೊದಲಾದ ದ್ರವ್ಯಗಳು ವಿಹಿತವಾಗಿವೆ. ಸ್ನಾನ ಭೋಜನಾದಿಗಳ ತರುವಾಯದ ಎಂಟು ಕಾಲಗಳು ಗೊತ್ತಾಗಿವೆ. ಅಕಾಲದಲ್ಲಿ, ಅತಿಯಾಗಿ ಸೇವಿಸಿದರೆ ಕಿವುಡು, ಕುರುಡು, ತಲೆಸುತ್ತು, ರಕ್ತಪಿತ್ತಗಳು ಸಂಭವಿಸುವುವೆಂಬ ಎಚ್ಚರಿಕೆಯೂ ಅಲ್ಲಿಯೇ ಇದೆ. ಈ ದ್ರವ್ಯಗಣದಲ್ಲಿ ಹೊಗೆಸೊಪ್ಪಿಲ್ಲ. ಇರುವುದು ಸಾಧ್ಯವೂ ಅಲ್ಲ. ಅದು ಅಮೆರಿಕಾ ಖಂಡದ ಸಸ್ಯ. ಪೋರ್ತುಗೀಸರ ಹಡಗುಗಳ ಮೂಲಕ ಭರತಖಂಡಕ್ಕೆ ಬಂದುದು.

ಈ ಆಗಮನಕ್ಕೆ ಕನ್ನಡನಾಡಿನಲ್ಲಿಯೇ ಪ್ರಬಲವಾದ ಸಾಕ್ಷ್ಯವುಂಟು. ಕ್ರಿ. ಶ. 1604ರ ಸುಮಾರಿನಲ್ಲಿ ಅಕ್ಬರನ ರಾಜಕಾರ್ಯಾರ್ಥವಾಗಿ ವಿಜಾಪುರಕ್ಕೆ ಬಂದ ಅಸದ್ ಬೇಗನು ಅದುವರೆಗೆ ತಾನು ಕಾಣದಿದ್ದ ತಂಬಾಕನ್ನು ಅಲ್ಲಿ ಕಂಡು, ರತ್ನಖಚಿತವಾದ ಸೇದುಗೊಳವೆಯೊಡನೆ ಬಾದಷಹನಿಗೆ ಒಪ್ಪಿಸಿದನು. ಗ್ರಂಥಗಳಲ್ಲಿ ಹೇಳಿಲ್ಲದ, ಪರೀಕ್ಷಿತವಲ್ಲದ ವಸ್ತುವೆಂದು ಆಸ್ಥಾನವೈದ್ಯನು ಆಕ್ಷೇಪಿಸಿದನು. ಅಸದ್ ಬೇಗನು ಅದನ್ನು ಸಮರ್ಥಿಸಿದನು. ಬಾದಷಹನ ಒಲವು ಸಮರ್ಥಿಸಿದವನ ಕಡೆಗಾಯಿತು.

ಹೊಸ ಎಲೆಗೆ ಕನ್ನಡಿಗರು ‘ಹೊಗೆಸೊಪ್ಪು’ ಎಂದು ಅಚ್ಚಗನ್ನಡದ ಹೆಸರಿಟ್ಟರು. ಸಂಸ್ಕೃತಜ್ಞರಾದರೋ ಪರದೇಶದ ಶಬ್ದವನ್ನೇ ‘ತಮಾಖು’ ಎಂದು ಮಾರ್ಪಡಿಸಿದರು. ಪಂಚಕರ್ಮಗಳಲ್ಲೊಂದಾದ ನಸ್ಯದ ಹೆಸರು ಡಬ್ಬಿಯ ಪುಡಿಗೆ ಬಂದಿತು; ಧೂಮಪಾನವೆಂಬುದು ಬೀಡಿ ಚುಟ್ಟಗಳಿಗೆ ಸಂದಿತು. ಹೀಗೆ ಹಳೆಯ ಶಬ್ದಗಳೊಡನೆ ಅವುಗಳ ಗೌರವವೂ ಹೊಸ ವಸ್ತುವಿಗೆ ಸಂಕ್ರಮಿಸಿತು.

ಇನ್ನು ದ್ರವ್ಯದ ಕರ್ಮವನ್ನು ವಿಚಾರಿಸಬೇಕು. 1828ರಲ್ಲಿ ಹೈಡಲ್‌ಬರ್ಗಿನ ಪೊಸೆಲ್ಟ್ ಮತ್ತು ರೈಮನ್ ಎಂಬವರು ಈ ಎಲೆಯಿಂದ ನಿಕೋಟಿನ್ ಎಂಬ ಸತ್ತ್ವವನ್ನು ಬೇರ್ಪಡಿಸಿದರು. 1905ರಲ್ಲಿ ಕೇಂಬ್ರಿಜ್ಜಿನ ಲ್ಯಾಂಗ್ಲಿಯು, ನರವು ಕತ್ತರಿಸಲ್ಪಟ್ಟು ಕ್ಷಯಿಸಿದ ಮೇಲೆಯೂ ಕೋಳಿಯ ಮಾಂಸಖಂಡವು ನಿಕೋಟಿನ್ನಿನಿಂದ ಸಂಕೋಚಗೊಳ್ಳುವುದನ್ನೂ, ಕ್ಯುರಾರೆ ಎಂಬ ಬಾಣವಿಷವು ಅದನ್ನು ತಡೆಯುವುದನ್ನೂ ತೋರಿಸಿ, ಮಾಂಸಖಂಡದಲ್ಲಿಯೇ ಗ್ರಾಹಕವಸ್ತುವೊಂದಿದೆಯೆಂದು ನಿರ್ಣಯಿಸಿದನು. ನರದ ತುದಿಯಿಂದ ಹೊರಡುವ ಅಸಿಟೈಲ್‌ಕೋಲಿನ್ ಆ ಗ್ರಾಹಕವನ್ನು ಸೇರಿದೊಡನೆ ಅದರ ದ್ವಾರವು ತೆರೆದು ಸೋಡಿಯಂ ಅಯಾನುಗಳು ಒಳನುಗ್ಗುತ್ತವೆ; ಖಂಡವು ಸಂಕೋಚಗೊಳ್ಳುತ್ತದೆ; ಕ್ಷಣಾರ್ಧದೊಳಗೆ ಕಿಣ್ವವೊಂದು ಅಸಿಟೈಲ್‌ಕೋಲಿನ್ನನ್ನು ಭೇದಿಸುತ್ತದೆ. ನಿಕೋಟಿನ್ ಇದೇ ದ್ವಾರವನ್ನು ತೆರೆಯುತ್ತದೆ. ಆದರೆ ಆ ಕಿಣ್ವಕ್ಕೆ ವಶವಾಗದೆ ನಿಲ್ಲುವುದರಿಂದ, ಮೊದಲು ಉದ್ರೇಕಗೊಂಡ ಗ್ರಾಹಕವು ಬಳಿಕ ಜಡವಾಗುತ್ತದೆ. ಮಿದುಳಿನಲ್ಲಿ ನಿತ್ಯಸೇವನೆಯಿಂದ ಇಂತಹ ಗ್ರಾಹಕಗಳ ಸಂಖ್ಯೆಯೇ ಹೆಚ್ಚುತ್ತದೆ. ಚಟವು ಬೇರೂರುವುದಕ್ಕೂ, ಬಿಟ್ಟಾಗ ಚಡಪಡಿಕೆಯುಂಟಾಗುವುದಕ್ಕೂ ಇದೊಂದು ಕಾರಣ.

1914ರಲ್ಲಿ ಡೇಲ್ ಎಂಬ ವಿದ್ವಾಂಸನು ಅಸಿಟೈಲ್‌ಕೋಲಿನ್ನಿನ ಕಾರ್ಯವನ್ನು ಎರಡಾಗಿ ವಿಭಾಗಿಸಿದನು: ನಿಕೋಟಿನ್ನಿನಂತಹುದೊಂದು, ಮಸ್ಕರಿನ್ ಎಂಬ ಅಣಬೆಯ ವಿಷದಂತಹುದು ಇನ್ನೊಂದು. ಉಮ್ಮತ್ತದ ಅಟ್ರೋಪಿನ್ ಈ ಎರಡನೆಯ ವರ್ಗವನ್ನು ತಡೆದು ಬಾಯಾರಿಕೆ, ಕಣ್ಪಾಪೆಯ ವಿಕಾಸ, ಚಿತ್ತವಿಭ್ರಮಗಳನ್ನುಂಟುಮಾಡುತ್ತದೆ. ಉನ್ಮತ್ತವೆಂಬ ಸಂಸ್ಕೃತ ನಾಮವು ಆ ಗಿಡದ ಕರ್ಮವನ್ನು ಮರೆಸದೆ ಸಾರುತ್ತದೆ. ತಮಾಖುವೆಂಬ ಹೆಸರಾದರೋ ಏನನ್ನೂ ತಿಳಿಸುವುದಿಲ್ಲ.

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣದ ಸೀಮೆಗಳಲ್ಲಿ ವರ್ಜೀನಿಯಾ ತಂಬಾಕು ಇಂದು ಮುಖ್ಯವಾದ ಬೆಳೆ. ಒದ್ದೆಯಾದ ಹಸಿ ಎಲೆಯನ್ನು ಮುರಿಯುವವರ ಚರ್ಮದ ಮೂಲಕವೂ ನಿಕೋಟಿನ್ ದೇಹವನ್ನು ಸೇರಿ ವಾಂತಿ, ತಲೆಸುತ್ತುಗಳನ್ನುಂಟುಮಾಡಬಲ್ಲದು. ಹೊಗೆಯನ್ನೇ ಸೇದದವನಿಗೂ ಎಲೆಯ ಕರ್ಮವು ತಪ್ಪುವುದಿಲ್ಲ.

ಇದರಿಂದ ನಿಷ್ಪನ್ನವಾಗುವುದೇನೆಂದರೆ: ಚರಕನ ಧೂಮವು ಕಾಲ, ಮಾತ್ರೆಗಳಿಗೆ ಒಳಪಟ್ಟ ಚಿಕಿತ್ಸೆ, ಹೊಗೆಸೊಪ್ಪಿನ ಧೂಮವು ಸೇವಿಸುವವನನ್ನೇ ತನಗೆ ಒಳಪಡಿಸಿಕೊಳ್ಳುವ ವಿಷ. ದ್ರವ್ಯವನ್ನು ಗುಣಕರ್ಮಗಳಿಂದ ಅರಿಯಬೇಕೆಂಬುದೇ ಶಾಸ್ತ್ರಮರ್ಯಾದೆಯಾದುದರಿಂದ, ಹೆಸರಿನ ಸಾಮ್ಯವನ್ನು ಪ್ರಮಾಣವೆಂದು ಹಿಡಿಯುವುದು ಆ ಶಾಸ್ತ್ರಕ್ಕೇ ವಿರುದ್ಧವಾದುದು.