ವಲಸೆ ವೀಸಾ: ದಾವಣಗೆರೆ ಮತ್ತು ಹರಿಹರ

ಬೇರೊಂದು ದೇಶದಲ್ಲಿ ಕಾಯಂ ಆಗಿ ನೆಲೆಸಲು ಆ ದೇಶದ ಸರ್ಕಾರ ಕೊಡುವ ಅನುಮತಿಗೆ ವಲಸೆ ವೀಸಾ ಎಂದು ಹೆಸರು. ಓದು, ಪ್ರವಾಸ ಅಥವಾ ಇಂತಿಷ್ಟೇ ವರ್ಷದ ಕೆಲಸಕ್ಕೆ ಸಿಗುವ ವೀಸಾಗಳು ಈ ಗುಂಪಿಗೆ ಸೇರುವುದಿಲ್ಲ. ಸಾಫ್ಟ್‌ವೇರ್ ಎಂಜಿನಿಯರುಗಳಿಗೆ ಸಿಗುವ ಅಮೆರಿಕದ ಎಚ್-1ಬಿ ಕೆಲಸದ ವೀಸಾ ಕೂಡ ತಾತ್ಕಾಲಿಕವೇ. ದಾವಣಗೆರೆ ನಗರ ಮತ್ತು ಪಕ್ಕದ ಹರಿಹರದಲ್ಲಿ ಈ ವಿಷಯದ ಮಾತು ಬಂದರೆ ಅದು ಸಾಮಾನ್ಯವಾಗಿ ಅಮೆರಿಕದ ಕಾಯಂ ವಾಸದ ಗುರುತಾದ ಗ್ರೀನ್ ಕಾರ್ಡಿನ ಮಾತೇ ಆಗಿರುತ್ತದೆ. ಈ ಲೇಖನವೂ ಮುಖ್ಯವಾಗಿ ಅದನ್ನೇ ಕುರಿತದ್ದು.

ಅಮೆರಿಕವು 1917ರ ಕಾಯ್ದೆಯಿಂದ ಭಾರತೀಯರ ವಲಸೆಯನ್ನು ಬಹುತೇಕ ನಿಲ್ಲಿಸಿತ್ತು. 1946ರಲ್ಲಿ ವರ್ಷಕ್ಕೆ ಕೇವಲ 100 ಮಂದಿಗೆ ಬಾಗಿಲು ತೆರೆಯಿತು. ದೇಶವಾರು ಹಳೆಯ ಕೋಟಾ ಹೋದದ್ದು 1965ರ ಅಕ್ಟೋಬರ್ 3ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ ಕಾಯ್ದೆಯಿಂದ. ದಾವಣಗೆರೆಯ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಆರಂಭವಾದದ್ದೂ 1965ರಲ್ಲೇ. ಇದು ಕಾಕತಾಳೀಯ. ಆದರೆ ವೈದ್ಯರನ್ನು ಹುಡುಕುತ್ತಿದ್ದ ದೇಶವೊಂದು ಬಾಗಿಲು ತೆರೆದ ಹೊತ್ತಿಗೇ ವೈದ್ಯರನ್ನು ತಯಾರಿಸುವ ಊರಾಗಿ ದಾವಣಗೆರೆ ಬೆಳೆಯತೊಡಗಿತು. 1951ರಷ್ಟು ಹಿಂದಿನ ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜು ಮತ್ತು 1979ರಲ್ಲಿ ಶುರುವಾದ ಬಾಪೂಜಿ ಎಂಜಿನಿಯರಿಂಗ್ ಕಾಲೇಜಿನ ಪದವೀಧರರು ನಂತರದ ದಶಕಗಳಲ್ಲಿ ಅದೇ ದಾರಿ ಹಿಡಿದರು. ಮೊದಲು ಹೋದವರು ಉದ್ಯೋಗದ ದಾರಿಯಲ್ಲಿ ಹೋದರು, ಪ್ರಜೆಗಳಾದ ಮೇಲೆ ಅಪ್ಪ, ಅಮ್ಮ, ಅಣ್ಣ, ತಂಗಿಯರಿಗೆ ಅರ್ಜಿ ಹಾಕಿದರು. ಹಾಗಾಗಿ ಕುಟುಂಬ ಮತ್ತು ಉದ್ಯೋಗ ಎಂಬ ಎರಡು ದಾರಿಗಳು ಕಾಯ್ದೆಯಲ್ಲಿ ಬೇರೆಯಾದರೂ ಮನೆಗಳಲ್ಲಿ ಒಂದಕ್ಕೊಂದು ಹೆಣೆದುಕೊಂಡಿವೆ.

ಸರದಿಯ ಲೆಕ್ಕ

1990ರ ವಲಸೆ ಕಾಯ್ದೆಯ ಪ್ರಕಾರ ಅಮೆರಿಕ ವರ್ಷಕ್ಕೆ ಕುಟುಂಬದ ವರ್ಗಗಳಲ್ಲಿ ಕನಿಷ್ಠ 2,26,000 ಮತ್ತು ಉದ್ಯೋಗದ ವರ್ಗಗಳಲ್ಲಿ 1,40,000 ವಲಸೆ ವೀಸಾ ಕೊಡುತ್ತದೆ. ಇದರಲ್ಲಿ ಯಾವ ದೇಶಕ್ಕೂ ಶೇ 7ಕ್ಕಿಂತ, ಅಂದರೆ ಸುಮಾರು 25,620ಕ್ಕಿಂತ ಹೆಚ್ಚು ಸಲ್ಲದು. ನಾಲ್ಕು ಲಕ್ಷಕ್ಕೂ ಕಡಿಮೆ ಜನರಿರುವ ಐಸ್‌ಲ್ಯಾಂಡಿಗೂ ನೂರನಲವತ್ತು ಕೋಟಿಯ ಭಾರತಕ್ಕೂ ಮಿತಿ ಒಂದೇ. ಉದ್ಯೋಗದ ಪಾಲಿನಲ್ಲಿ ಅರ್ಜಿದಾರರ ಹೆಂಡತಿ ಅಥವಾ ಗಂಡ ಮತ್ತು ಮಕ್ಕಳೂ ಎಣಿಕೆಯಾಗುವುದರಿಂದ ಕೆಲಸಗಾರರಿಗೆ ನಿಜವಾಗಿ ಉಳಿಯುವುದು ಇನ್ನೂ ಕಡಿಮೆ.

ದೇಶವನ್ನು ಲೆಕ್ಕ ಹಾಕುವುದು ಪೌರತ್ವದಿಂದಲ್ಲ, ಹುಟ್ಟಿದ ಸ್ಥಳದಿಂದ. ಹರಿಹರದಲ್ಲಿ ಹುಟ್ಟಿ ಕೆನಡಾದ ಪ್ರಜೆಯಾದವರೂ ಭಾರತದ ಸರದಿಯಲ್ಲೇ ನಿಲ್ಲಬೇಕು. ಆದರೆ ಹೆಂಡತಿ ದುಬೈಯಲ್ಲಿ ಹುಟ್ಟಿದವರಾಗಿದ್ದರೆ ಇಬ್ಬರೂ ಆ ಊರಿರುವ ದೇಶದ ಲೆಕ್ಕದಲ್ಲಿ ವೀಸಾ ಕೇಳಬಹುದು, ಅಲ್ಲಿ ಸರದಿ ತೀರಾ ಚಿಕ್ಕದು. ಅರ್ಹತೆ, ಸಂಬಳ, ಅನುಭವ ಎಲ್ಲವೂ ಒಂದೇ ಆಗಿರುವ ಇಬ್ಬರು ಸಹೋದ್ಯೋಗಿಗಳ ನಡುವೆ ಹತ್ತು ಹದಿನೈದು ವರ್ಷದ ಅಂತರ ಬೀಳುವುದು ಹೀಗೆ. ಇದನ್ನು ನ್ಯಾಯವೆಂದು ಸಮರ್ಥಿಸುವುದು ಕಷ್ಟ.

ಸರದಿಯಲ್ಲಿ ಯಾರು ಎಲ್ಲಿದ್ದಾರೆ ಎಂದು ತೋರಿಸುವುದು ಪ್ರಯಾರಿಟಿ ಡೇಟ್. ಕುಟುಂಬದ ಅರ್ಜಿಯಲ್ಲಿ ಅದು ಐ-130 ಪಿಟಿಶನ್ ಸಲ್ಲಿಸಿದ ದಿನ, ಉದ್ಯೋಗದ ಅರ್ಜಿಗಳಲ್ಲಿ ಸಾಮಾನ್ಯವಾಗಿ ಕಂಪನಿ ಅಲ್ಲಿನ ಕಾರ್ಮಿಕ ಇಲಾಖೆಗೆ ಅರ್ಜಿ ಕೊಟ್ಟ ದಿನ. ಪಿಟಿಶನ್ ಅಪ್ರೂವ್ ಆಯಿತೆಂದು ಕೆಲವು ಮನೆಗಳಲ್ಲಿ ಪೇಡೆ ಹಂಚುವುದುಂಟು. ಅಪ್ರೂವ್ ಆದದ್ದು ಸಂಬಂಧ ನಿಜ ಎಂಬುದಷ್ಟೇ, ವೀಸಾ ಅಲ್ಲ. ಯಾವ ತಾರೀಖಿನವರೆಗಿನ ಅರ್ಜಿಗಳಿಗೆ ವೀಸಾ ಇದೆ ಎಂದು ಅಮೆರಿಕದ ವಿದೇಶಾಂಗ ಇಲಾಖೆ ಪ್ರತಿ ತಿಂಗಳು ವೀಸಾ ಬುಲೆಟಿನ್‌ನಲ್ಲಿ ಪ್ರಕಟಿಸುತ್ತದೆ. 2025ರ ಆರಂಭದಲ್ಲಿ ಭಾರತೀಯರ ಪಾಲಿಗೆ ಒಡಹುಟ್ಟಿದವರ ಎಫ್-4 ವರ್ಗ 2006ರಲ್ಲಿತ್ತು. ಪ್ರಜೆಗಳ ಮದುವೆಯಾದ ಮಕ್ಕಳ ಎಫ್-3 2010ರಲ್ಲಿ, ಉನ್ನತ ಪದವಿಯವರ ಇಬಿ-2 ಮತ್ತು ಪದವೀಧರರು ಹಾಗೂ ಕುಶಲ ಕೆಲಸಗಾರರ ಇಬಿ-3 ಎರಡೂ 2012ರಲ್ಲಿ ನಿಂತಿದ್ದವು. 2006 ಎಂದರೆ ಹತ್ತೊಂಬತ್ತು ವರ್ಷ ಎಂದು ಕಳೆಯುವ ಲೆಕ್ಕ ಇಲ್ಲಿ ನಡೆಯದು. ಅದು ಆಗ ವೀಸಾ ಪಡೆಯುತ್ತಿದ್ದವರು ಕಾದ ಕಾಲವೇ ಹೊರತು ಇಂದು ಅರ್ಜಿ ಹಾಕುವವರು ಕಾಯಬೇಕಾದ ಕಾಲವಲ್ಲ. ಅರ್ಜಿಗಳು ಹೆಚ್ಚಾದರೆ ತಾರೀಖು ನಿಲ್ಲುತ್ತದೆ, ಹಿಂದಕ್ಕೂ ಹೋಗುತ್ತದೆ.

ಈ ಸರದಿ ಇಲ್ಲದವರೂ ಇದ್ದಾರೆ. ಅಮೆರಿಕದ ಪ್ರಜೆಯ ಗಂಡ ಅಥವಾ ಹೆಂಡತಿ, 21 ತುಂಬದ ಅವಿವಾಹಿತ ಮಕ್ಕಳು, ಮತ್ತು 21 ತುಂಬಿದ ಪ್ರಜೆಯ ತಂದೆ ತಾಯಿಗೆ ವಾರ್ಷಿಕ ಮಿತಿ ಅನ್ವಯಿಸುವುದಿಲ್ಲ. ದಾವಣಗೆರೆಯ ವಿದ್ಯಾನಗರದಲ್ಲೋ ಪಿ.ಜೆ. ಬಡಾವಣೆಯಲ್ಲೋ ಇರುವ ಹಿರಿಯರು ಮಗ ಪ್ರಜೆಯಾದ ಮೇಲೆ ಹೆಚ್ಚು ತಡವಿಲ್ಲದೆ ಹೊರಡಬಲ್ಲದ್ದು ಇದರಿಂದ.

ಉದ್ಯೋಗದ ದಾರಿ

ಉದ್ಯೋಗದ ಅರ್ಜಿ ಸಾಮಾನ್ಯವಾಗಿ ಕೆಲಸಗಾರನದಲ್ಲ, ಕಂಪನಿಯದು. ಆ ಕೆಲಸಕ್ಕೆ ತಕ್ಕ ಅಮೆರಿಕನ್ನರು ಸಿಗಲಿಲ್ಲವೆಂದು ಕಂಪನಿ ಕಾರ್ಮಿಕ ಇಲಾಖೆಗೆ ತೋರಿಸಬೇಕು. 2005ರಿಂದ ಇದು ಪರ್ಮ್ ಎಂಬ ವ್ಯವಸ್ಥೆಯಲ್ಲಿ ನಡೆಯುತ್ತದೆ. ನಂತರ ಐ-140 ಪಿಟಿಶನ್, ಆಮೇಲೆ ಕಾಯುವುದು. ಹೊಸ ಕಂಪನಿಗೆ ಹೋದರೆ ಪರ್ಮ್ ಮತ್ತು ಪಿಟಿಶನ್ ಮತ್ತೆ ಆಗಬೇಕು. ಆದರೆ ಹಳೆಯ ಪಿಟಿಶನ್ ಅಪ್ರೂವ್ ಆಗಿದ್ದರೆ ಅದರ ತಾರೀಖು ಸಾಮಾನ್ಯವಾಗಿ ಜೊತೆಗೆ ಬರುತ್ತದೆ. 2000ದ ಕಾಯ್ದೆಯೊಂದು ಸರದಿಯಲ್ಲಿರುವವರಿಗೆ ಆರು ವರ್ಷದ ಮಿತಿ ಮೀರಿಯೂ ಎಚ್-1ಬಿ ಮುಂದುವರಿಸಿಕೊಳ್ಳಲು ಬಿಟ್ಟಿತು. ಇಂದು ದಶಕಗಟ್ಟಲೆ ಕಾಯುತ್ತಿರುವವರಿಗೆ ಅಲ್ಲೇ ದುಡಿಯುತ್ತ ಕಾಯಲು ಸಾಧ್ಯವಾಗಿರುವುದು ಅದರಿಂದಲೇ.

ಈ ಸರದಿಯ ಇತಿಹಾಸದಲ್ಲಿ 2007ರ ಜುಲೈ ಮರೆಯುವಂಥದ್ದಲ್ಲ. ಆ ತಿಂಗಳ ಬುಲೆಟಿನ್ ಉದ್ಯೋಗದ ಬಹುತೇಕ ವರ್ಗಗಳಲ್ಲಿ ಎಲ್ಲರಿಗೂ ವೀಸಾ ಲಭ್ಯವೆಂದು ಸಾರಿತು. ಜನ ವಕೀಲರಿಗೆ ದುಡ್ಡು ಕೊಟ್ಟು, ವೈದ್ಯಕೀಯ ತಪಾಸಣೆ ಮುಗಿಸಿ ಕಾಗದ ಕಳಿಸಿದರು. ಜುಲೈ 2ರಂದು ಸರ್ಕಾರ ಮಾತು ಹಿಂದೆಗೆದುಕೊಂಡಿತು. ಆಗ ಭಾರತೀಯರು ಪೌರತ್ವ ಮತ್ತು ವಲಸೆ ಸೇವಾ ಇಲಾಖೆಯ ನಿರ್ದೇಶಕ ಎಮಿಲಿಯೊ ಗೊನ್ಸಾಲೆಸ್ ಅವರ ಕಚೇರಿಗೆ ರಾಶಿ ರಾಶಿ ಹೂ ಕಳಿಸಿದರು. ಹಿಂದಿನ ವರ್ಷ ಬಂದಿದ್ದ ಮುನ್ನಾಭಾಯಿ ಚಿತ್ರದ ಗಾಂಧಿಗಿರಿ, ಅಂದರೆ ಹೂ ಕೊಟ್ಟು ಪ್ರತಿಭಟಿಸುವ ರೀತಿ, ಅದಕ್ಕೆ ಪ್ರೇರಣೆ. ಗೊನ್ಸಾಲೆಸ್ ಆ ಹೂಗಳನ್ನು ಗಾಯಗೊಂಡ ಸೈನಿಕರ ಆಸ್ಪತ್ರೆಗಳಿಗೆ ತಲುಪಿಸಿದರು. ಜುಲೈ 17ರಂದು ಸರ್ಕಾರ ಮಣಿದು ಆಗಸ್ಟ್ 17ರವರೆಗೆ ಅರ್ಜಿ ತೆಗೆದುಕೊಂಡಿತು.

2021ರಲ್ಲಿ ಇದಕ್ಕೆ ತಿರುಗುಮುರುಗಾದದ್ದು ನಡೆಯಿತು. ಕೋವಿಡ್‌ನಿಂದ ಉಳಿದ ಕುಟುಂಬದ ವೀಸಾಗಳು ಸೇರಿ ಉದ್ಯೋಗದ ಪಾಲು ಸುಮಾರು 2,62,000ಕ್ಕೆ ಏರಿತು, ಆದರೆ ಕಚೇರಿಗಳು ಕೆಲಸ ಮುಗಿಸದೆ ಅದರಲ್ಲಿ 60,000ಕ್ಕೂ ಹೆಚ್ಚು ವೀಸಾ ವ್ಯರ್ಥವಾದವು. ಅದಕ್ಕೂ ಮುಂಚೆ, ಉದ್ಯೋಗದ ವೀಸಾಗಳ ದೇಶವಾರು ಮಿತಿ ತೆಗೆಯುವ ಮಸೂದೆ 2019ರ ಜುಲೈಯಲ್ಲಿ ಅಮೆರಿಕದ ಸಂಸತ್ತಿನ ಕೆಳಮನೆಯಲ್ಲಿ 365–65 ಮತಗಳಿಂದ ಗೆದ್ದಿತು. 2020ರ ಡಿಸೆಂಬರ್‌ನಲ್ಲಿ ಸೆನೆಟ್ ಅದರ ಬೇರೊಂದು ರೂಪವನ್ನು ಒಪ್ಪಿತು. ಎರಡೂ ಒಂದಾಗದೆ ಕಾಯ್ದೆ ಆಗಲೇ ಇಲ್ಲ.

ಹರಿಹರದವರಿಗೆ ಈ ದಾರಿಯಲ್ಲಿ ಒಂದು ವಿಶೇಷ ತೊಡಕಿದೆ. ಅನುಭವವನ್ನು ಹಳೆಯ ಉದ್ಯೋಗದಾತರ ಪತ್ರದಿಂದಲೇ ರುಜುವಾತು ಮಾಡಬೇಕು. ಊರಿನ ಹೆಮ್ಮೆಯಾಗಿದ್ದ ಮೈಸೂರು ಕಿರ್ಲೋಸ್ಕರ್ ಲೇತ್ ಕಾರ್ಖಾನೆ 1941ರಲ್ಲಿ ಹುಟ್ಟಿ ಇಪ್ಪತ್ತೊಂದನೇ ಶತಮಾನ ಶುರುವಾಗುವ ಹೊತ್ತಿಗೆ ಮುಚ್ಚಿತು. ಮುಚ್ಚಿದ ಕಾರ್ಖಾನೆಯ ಲೆಟರ್‌ಹೆಡ್‌ನಲ್ಲಿ ಯಾರೂ ಬರೆದುಕೊಡಲಾರರು. ಆಗ ಕೆಲಸದ ಆದೇಶ, ಸಂಬಳದ ಚೀಟಿ, ಪಿ.ಎಫ್. ದಾಖಲೆ, ಜೊತೆಗೆ ಕೆಲಸ ಮಾಡಿದವರ ಅಫಿಡವಿಟ್ಟುಗಳೇ ಆಧಾರ.

ಮದುವೆ, ವಯಸ್ಸು, ಸಾವು

ಕುಟುಂಬದ ಸರದಿ ಉದ್ದ. ಕಾಯುವಾಗ ಜೀವನ ನಿಲ್ಲುವುದಿಲ್ಲ, ಮತ್ತು ಜೀವನದ ಒಂದೊಂದು ಘಟನೆಯೂ ಅರ್ಜಿಯನ್ನು ಅಲುಗಿಸುತ್ತದೆ. ಗ್ರೀನ್ ಕಾರ್ಡ್ ಇರುವ ತಂದೆ ಮಗಳಿಗೆ ಅರ್ಜಿ ಹಾಕಿದ್ದು, ಅವರು ಪ್ರಜೆಯಾಗುವ ಮೊದಲೇ ಮಗಳ ಮದುವೆಯಾದರೆ ಅರ್ಜಿ ಅಲ್ಲಿಗೇ ಮುಗಿಯಿತು. ತಂದೆ ಪ್ರಜೆಯಾದ ಮೇಲೆ ಮದುವೆಯಾದರೆ ಅರ್ಜಿ ಉಳಿಯುತ್ತದೆ, ವರ್ಗ ಮಾತ್ರ ಬದಲಾಗುತ್ತದೆ. ಲಗ್ನಪತ್ರಿಕೆ ಬರೆಸುವ ಮೊದಲು ವಕೀಲರಿಗೊಂದು ಫೋನ್ ಮಾಡುವುದು ಒಳ್ಳೆಯದು. ಇಲ್ಲಿ ರೂಢಿಯಲ್ಲಿರುವ ಸೋದರಮಾವ ಮತ್ತು ಅಕ್ಕನ ಮಗಳ ಮದುವೆಗೂ ಅಮೆರಿಕದ ಎಲ್ಲ ರಾಜ್ಯಗಳ ಮಾನ್ಯತೆ ಇಲ್ಲ, ನೆಲೆಸುವ ರಾಜ್ಯದ ಕಾನೂನನ್ನು ಮೊದಲೇ ನೋಡಿಕೊಳ್ಳಬೇಕು.

ಎಫ್-4 ಅರ್ಜಿದಾರರ ಮಕ್ಕಳು ಸಾಮಾನ್ಯವಾಗಿ ಅರ್ಜಿಗಿಂತ ಬೇಗ ಬೆಳೆಯುತ್ತಾರೆ. 21 ದಾಟಿದವರು ಅಪ್ಪ ಅಮ್ಮನ ಜೊತೆ ಹೋಗುವಂತಿಲ್ಲ. 2002ರ ಮಕ್ಕಳ ಸ್ಥಾನಮಾನ ರಕ್ಷಣೆ ಕಾಯ್ದೆ ಪಿಟಿಶನ್ ಪರಿಶೀಲನೆಯಲ್ಲಿ ಕಳೆದ ದಿನಗಳನ್ನು ವಯಸ್ಸಿನಿಂದ ಕಳೆಯಲು ಬಿಡುತ್ತದೆ. ಸರದಿಯಲ್ಲಿ ಕಳೆದ ವರ್ಷಗಳನ್ನು ಕಳೆಯುವಂತಿಲ್ಲ. ಅರ್ಜಿ ಹಾಕಿದ ಅಣ್ಣನೇ ತೀರಿಕೊಂಡರೆ ಪಿಟಿಶನ್ ರದ್ದಾಗುತ್ತದೆ. ಅದು ಮೊದಲೇ ಅಪ್ರೂವ್ ಆಗಿದ್ದರೆ ಮಾನವೀಯ ನೆಲೆಯಲ್ಲಿ ಮರುಜೀವ ಕೇಳಬಹುದು, ಸಿಗುವ ಖಾತ್ರಿ ಇಲ್ಲ.

ಕಾಗದಪತ್ರ

ಸರದಿ ಯಾರ ಕೈಯಲ್ಲೂ ಇಲ್ಲ, ಕಾಗದಪತ್ರ ಮಾತ್ರ ಅರ್ಜಿದಾರರ ಕೈಯಲ್ಲಿದೆ. ಹೆಚ್ಚು ಎಡವುವುದೂ ಇಲ್ಲೇ. ಮೊದಲಿನದು ಜನನ ಪ್ರಮಾಣಪತ್ರ. ಜನನ ಮರಣ ನೋಂದಣಿ ಕಾಯ್ದೆ 1969ರದು, ಅದಕ್ಕೂ ಹಿಂದೆ ಹುಟ್ಟಿದ ಅನೇಕರ ಹೆಸರು ಎಲ್ಲೂ ನೋಂದಣಿಯಾಗಿಲ್ಲ. ನೋಂದಣಿಯಾಗಿದ್ದರೂ ನಾಮಕರಣಕ್ಕೆ ಮುಂಚೆ ಬರೆಸಿದ್ದರಿಂದ ಬರಿಯ ‘ಗಂಡು’, ‘ಹೆಣ್ಣು’ ಎಂದಿರುತ್ತದೆ. ಮೊದಲ ಹೆರಿಗೆ ತವರಿನಲ್ಲಿ ಆಗುವುದರಿಂದ ದಾವಣಗೆರೆಯವರ ದಾಖಲೆ ರಾಣೆಬೆನ್ನೂರಿನಲ್ಲೋ ಹರಪನಹಳ್ಳಿಯಲ್ಲೋ ಇರಬಹುದು, ಮಹಾನಗರ ಪಾಲಿಕೆಯಲ್ಲಿ ಹುಡುಕಿ ಫಲವಿಲ್ಲ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ಜೂನ್ 1 ಎಂಬ ಹುಟ್ಟಿದ ದಿನವೇ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೂ ಪಾಸ್‌ಪೋರ್ಟಿಗೂ ಹೋಗಿ, ಆಸ್ಪತ್ರೆಯ ದಾಖಲೆಯಲ್ಲಿ ಬೇರೆ ದಿನ ಇರುವುದೂ ಸಾಮಾನ್ಯ. ದಾಖಲೆ ಇಲ್ಲದಿದ್ದರೆ ನೋಂದಣಿ ಕಚೇರಿಯಿಂದ ಅಲಭ್ಯತೆಯ ಪ್ರಮಾಣಪತ್ರ ಪಡೆದು, ಶಾಲಾ ವರ್ಗಾವಣೆ ಪತ್ರ ಮತ್ತು ಹಿರಿಯ ಬಂಧುಗಳ ಅಫಿಡವಿಟ್ಟು ಜೊತೆಗಿಡಬೇಕು. ಈಗ ಹೊಸದಾಗಿ ನೋಂದಾಯಿಸಿದ ಪ್ರಮಾಣಪತ್ರವೊಂದನ್ನೇ ಅಧಿಕಾರಿಗಳು ಸುಲಭವಾಗಿ ನಂಬುವುದಿಲ್ಲ.

ಜಿಲ್ಲೆಯ ಹೆಸರೂ ಗೊಂದಲ ತರುತ್ತದೆ. ದಾವಣಗೆರೆ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು, ಜೆ.ಎಚ್. ಪಟೇಲರ ಕಾಲದಲ್ಲಿ. ಅದಕ್ಕೂ ಮುಂಚೆ ನಗರವೂ ಹರಿಹರವೂ ಚಿತ್ರದುರ್ಗ ಜಿಲ್ಲೆಯಲ್ಲಿದ್ದವು. 1973ರ ನವೆಂಬರ್ 1ಕ್ಕಿಂತ ಹಿಂದಿನ ಕಾಗದದಲ್ಲಿ ರಾಜ್ಯದ ಹೆಸರೇ ಮೈಸೂರು. ಒಂದೇ ಊರಿಗೆ ಮೂರು ವಿಳಾಸ ಕಂಡ ಅಧಿಕಾರಿ ಪ್ರಶ್ನಿಸಿದರೆ ತಪ್ಪಿಲ್ಲ, ಅರ್ಧ ಪುಟದ ವಿವರಣೆ ಮೊದಲೇ ಲಗತ್ತಿಸಿದ್ದರೆ ಪ್ರಶ್ನೆಯೇ ಏಳುವುದಿಲ್ಲ. ಇನಿಷಿಯಲ್‌ಗಳ ತೊಂದರೆ ಇದಕ್ಕಿಂತ ದೊಡ್ಡದು. ಒಂದು ಕಾಗದದಲ್ಲಿ ಊರಿನ ಹೆಸರು ಬಿಡಿಸಿ ಬರೆದು, ಇನ್ನೊಂದರಲ್ಲಿ ಅಪ್ಪನ ಹೆಸರು ಮಾತ್ರ ಉಳಿಸಿ, ಮದುವೆಯ ನಂತರ ಗಂಡನ ಹೆಸರು ಸೇರಿಸಿದರೆ ಒಬ್ಬಾಕೆ ಮೂವರಾಗುತ್ತಾಳೆ. ಎಲ್ಲವನ್ನೂ ಪಾಸ್‌ಪೋರ್ಟಿನ ಹೆಸರಿಗೆ ಹೊಂದಿಸಿಕೊಳ್ಳುವುದೇ ದಾರಿ. ಪಾಸ್‌ಪೋರ್ಟ್ ಅರ್ಜಿಗೆ ದಾವಣಗೆರೆಯಲ್ಲೇ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರವಿದೆ. ಮದುವೆಯ ಫೋಟೊ, ಕರೆಯೋಲೆ ಸಾಲದು, ಸಬ್ ರಿಜಿಸ್ಟ್ರಾರ್ ಕಚೇರಿಯ ನೋಂದಣಿ ಬೇಕು. ಕನ್ನಡದ ದಾಖಲೆಗಳಿಗೆ ಇಂಗ್ಲಿಷ್ ಅನುವಾದ ಮತ್ತು ಅನುವಾದಕರ ದೃಢೀಕರಣ ಕಡ್ಡಾಯ.

ತಾರೀಖು ಬಂದಾಗ ನ್ಯೂಹ್ಯಾಂಪ್‌ಶೈರ್‌ನ ರಾಷ್ಟ್ರೀಯ ವೀಸಾ ಕೇಂದ್ರ ಶುಲ್ಕ, ಡಿಎಸ್-260 ಅರ್ಜಿ ಮತ್ತು ಕರೆಸಿಕೊಳ್ಳುವವರ ಐ-864 ಜವಾಬ್ದಾರಿ ಪತ್ರ ಕೇಳುತ್ತದೆ. ಅವರ ಆದಾಯ ಸಾಮಾನ್ಯವಾಗಿ ಬಡತನ ರೇಖೆಯ ಶೇ 125ಕ್ಕೆ ಕಡಿಮೆ ಇರಬಾರದು. ಸಂದರ್ಶನಕ್ಕೆ ಇಲ್ಲಿನವರು ಹೋಗುವುದು ಮುಖ್ಯವಾಗಿ ಮುಂಬೈಗೆ, ಬಾಂದ್ರಾ ಕುರ್ಲಾ ಸಂಕೀರ್ಣದ ಕಾನ್ಸುಲೇಟಿಗೆ. 2025ರ ಜನವರಿ 17ರಂದು ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದರೂ ಆರಂಭದಲ್ಲಿ ಅಲ್ಲಿ ವೀಸಾ ಸೇವೆ ಇರಲಿಲ್ಲ. ವೈದ್ಯಕೀಯ ತಪಾಸಣೆ ಕಾನ್ಸುಲೇಟ್ ನೇಮಿಸಿದ ವೈದ್ಯರಲ್ಲೇ ಆಗಬೇಕು, ಮನೆವೈದ್ಯರ ಪತ್ರ ನಡೆಯುವುದಿಲ್ಲ. ಸರದಿಯಲ್ಲಿ ಮುಂದಕ್ಕೆ ತರುತ್ತೇನೆಂದು ದುಡ್ಡು ಕೇಳುವ ಏಜೆಂಟ್ ಸುಳ್ಳು ಹೇಳುತ್ತಿದ್ದಾನೆ, ಆ ಸೌಲಭ್ಯ ಯಾರ ಬಳಿಯೂ ಇಲ್ಲ.

ವೀಸಾ ಸಿಕ್ಕ ಹಿರಿಯರಿಗೆ ಇನ್ನೊಂದು ಲೆಕ್ಕ ಶುರುವಾಗುತ್ತದೆ. ಗ್ರೀನ್ ಕಾರ್ಡ್ ಅಲ್ಲಿ ವಾಸಿಸಲು ಕೊಟ್ಟದ್ದು. ಅಡಿಕೆ ಕೊಯ್ಲಿಗೆಂದು ಚನ್ನಗಿರಿಯ ತೋಟಕ್ಕೆ ಬಂದು ಆರು ತಿಂಗಳು ದಾಟಿದರೆ ಮರಳುವಾಗ ವಿಮಾನ ನಿಲ್ದಾಣದಲ್ಲಿ ಪ್ರಶ್ನೆ ಬರಬಹುದು, ಒಂದು ವರ್ಷ ದಾಟಿದರೆ ಕಾರ್ಡಿನ ಬಲದಿಂದ ಒಳಗೆ ಹೋಗುವಂತಿಲ್ಲ. ಮುಂಚಿತವಾಗಿ ಅಮೆರಿಕದಲ್ಲಿದ್ದಾಗಲೇ ಅರ್ಜಿ ಹಾಕಿದರೆ ಎರಡು ವರ್ಷದವರೆಗಿನ ಮರುಪ್ರವೇಶ ಪರವಾನಗಿ ಸಿಗುತ್ತದೆ. ಅದೂ ಇಲ್ಲದಿದ್ದರೆ, ಮರಳಲಾಗದ್ದು ತಮ್ಮ ಕೈಮೀರಿದ ಕಾರಣದಿಂದ ಎಂದು ತೋರಿಸಿ ಎಸ್‌ಬಿ-1 ವೀಸಾ ಕೇಳಬೇಕು. ತೋಟದ ಕೆಲಸವನ್ನು ಅಂಥ ಕಾರಣವೆಂದು ಒಪ್ಪಿಸುವುದು ಕಷ್ಟ. ಕೆಲವರು ಕಾರ್ಡನ್ನು ತಾವಾಗಿಯೇ ಹಿಂದಿರುಗಿಸಿ, ಬಂದು ಹೋಗುವ ಪ್ರವಾಸಿ ವೀಸಾಕ್ಕೆ ಅರ್ಜಿ ಹಾಕುತ್ತಾರೆ.