ಡಂಬಳದ ಇಪ್ಪತ್ನಾಲ್ಕು ಮೂಲೆ

ಮುಂಡರಗಿ ತಾಲೂಕಿನ ಡಂಬಳದಲ್ಲಿ ದೊಡ್ಡಬಸಪ್ಪನ ಗುಡಿಯ ಹಿಂದೆ ಹೋಗಿ ನಿಂತರೆ ಗೋಡೆ ಎಲ್ಲಿಯೂ ನೆಟ್ಟಗೆ ಓಡುವುದಿಲ್ಲ. ಮೂಲೆ, ಸಂದು, ಮತ್ತೆ ಮೂಲೆ. 12ನೆಯ ಶತಮಾನದ ಈ ಗುಡಿಯ ಗರ್ಭಗೃಹ 24 ಮೊನೆಗಳ ನಕ್ಷತ್ರದ ಮೇಲೆ ನಿಂತಿದೆ. ಹೊಯ್ಸಳರ ನಕ್ಷತ್ರ ಗುಡಿಗಳಲ್ಲಿ 16 ಮೊನೆ ರೂಢಿ. ಅವುಗಳಲ್ಲಿಯೂ ಹಲವೆಡೆ ದಿಕ್ಕಿಗೊಂದು ಚಾಚು ಬಂದು ನಕ್ಷತ್ರವನ್ನು ತುಂಡರಿಸುತ್ತದೆ. ಡಂಬಳದ ನಕ್ಷತ್ರಕ್ಕೆ ಆ ಅಡ್ಡಿಯಿಲ್ಲ. ಹೆನ್ರಿ ಕಸಿನ್ಸ್ 1926ರ ತಮ್ಮ ಚಾಲುಕ್ಯ ವಾಸ್ತುಗ್ರಂಥದಲ್ಲಿ ಇದನ್ನು ಗಮನಿಸಿದ ಮೇಲೆ ಬರೆದವರೆಲ್ಲ ಇದರ ಅಂದವನ್ನೇ ಹೆಚ್ಚು ಹೊಗಳಿದ್ದಾರೆ. ನನ್ನ ಕುತೂಹಲ ಬೇರೆ: 24 ಯಾಕೆ?

ನಕ್ಷತ್ರ ಹುಟ್ಟುವುದು ಚೌಕವನ್ನು ತಿರುಗಿಸುವುದರಿಂದ. ನಡುವೆ ಗೂಟ ನೆಟ್ಟು ಚೌಕವನ್ನು 15 ಡಿಗ್ರಿಯಷ್ಟು ಸರಿಸುತ್ತ ಹೋದರೆ ಆರು ಚೌಕ ಒಂದರ ಮೇಲೊಂದು ಬೀಳುತ್ತವೆ. ಆರು ನಾಲ್ಕಲೆ 24 ಮೊನೆ. ಪ್ರತಿ ಮೊನೆಯೂ ಲಂಬಕೋನ, ಎರಡು ಮೊನೆಗಳ ನಡುವಿನ ಸಂದು ಲೆಕ್ಕದ ಪ್ರಕಾರ 105 ಡಿಗ್ರಿ. ಅಂದರೆ ಮೊನೆಗಳ ಸಂಖ್ಯೆ ನಾಲ್ಕರ ಗುಣಕವೇ ಆಗಬೇಕು. ಹಾಗಾದರೆ 20 ಆಗಬಹುದಿತ್ತು, 28 ಆಗಬಹುದಿತ್ತು.

15 ಡಿಗ್ರಿ ಮಾತ್ರ ಹಗ್ಗಕ್ಕೆ ಸುಲಭವಾಗಿ ಸಿಗುತ್ತದೆ. ವೃತ್ತದ ಮೇಲೆ ತ್ರಿಜ್ಯದಷ್ಟೇ ಹಗ್ಗವನ್ನು ಆರು ಸಲ ಹಿಡಿದರೆ ಸುತ್ತು ಮುಗಿಯುತ್ತದೆ, 60 ಡಿಗ್ರಿ ಕೈಗೆ ಬರುತ್ತದೆ. ಚೌಕದ 90ರಲ್ಲಿ ಅದನ್ನು ಕಳೆದರೆ 30, ಅರ್ಧ ಮಾಡಿದರೆ 15. 28 ಮೊನೆಗೆ ವೃತ್ತವನ್ನು ಏಳು ಪಾಲು ಮಾಡಬೇಕಾಗುತ್ತದೆ. ಹಗ್ಗ, ಗೂಟಗಳಿಂದ ಅದು ನಿಖರವಾಗಿ ಸಾಧ್ಯವೇ ಇಲ್ಲ. ಯಾವ ಪಾಲು ಸಾಧ್ಯ ಎಂಬುದನ್ನು ಜರ್ಮನಿಯ ಗಾಸ್ 1801ರ ಗ್ರಂಥದಲ್ಲಿ ಸಂಖ್ಯಾಸಿದ್ಧಾಂತದಿಂದ ಬಿಡಿಸಿದ. ಯಾವುದು ಅಸಾಧ್ಯ ಎಂಬ ಸಾಧನೆಯನ್ನು 1837ರಲ್ಲಿ ವಾಂಟ್ಸೆಲ್ ಪೂರೈಸಿದ. 24 ಎಂದರೆ ಎಂಟು ಮೂರಲೆ, ಹಾಗಾಗಿ ಅದು ಸಾಧ್ಯದ ಪಟ್ಟಿಯಲ್ಲಿದೆ. ಡಂಬಳದ ಶಿಲ್ಪಿಗೆ ಗಾಸನ ಪ್ರಮೇಯ ಗೊತ್ತಿತ್ತು ಎನ್ನುವವರ ಸಾಲಿನಲ್ಲಿ ನಾನಿಲ್ಲ. ಏಳು ಪಾಲನ್ನೂ ಅವನು ಅಂದಾಜಿನಿಂದ, ಕಣ್ಣಿಗೆ ತಪ್ಪು ಕಾಣದ ಹಾಗೆ ಮಾಡಬಲ್ಲವನಾಗಿದ್ದ. ಹಗ್ಗ ತಾನಾಗಿ ಕೊಟ್ಟ ಸಂಖ್ಯೆಯನ್ನು ಅವನು ತೆಗೆದುಕೊಂಡ, ಅಷ್ಟೆ.

ಗಾಸನ ಇನ್ನೊಂದು ಕೆಲಸ 1827ರದು: ಬಾಗಿದ ಮೈಗಳ ರೇಖಾಗಣಿತ. ಅದರ ಉದಾಹರಣೆ ಹುಡುಕಲು ಗದಗಿನ ತ್ರಿಕೂಟೇಶ್ವರದಲ್ಲಿರುವ ಸರಸ್ವತಿ ಗುಡಿಗೋ ಲಕ್ಕುಂಡಿಯ ಕಾಶಿವಿಶ್ವೇಶ್ವರಕ್ಕೋ ಹೋದರೆ ಸಾಕು. ತಿರುಗಣಿಗೆ ಕೊಟ್ಟು ಕಡೆದ ಬಳಪದ ಕಲ್ಲಿನ ಕಂಬಗಳು ಅಲ್ಲಿವೆ. ಒಂದೇ ಕಂಬದಲ್ಲಿ ಮೂರು ಬಗೆಯ ಮೈ. ನೇರ ದಿಂಡಿನ ಭಾಗಕ್ಕೆ ಗಾಸನ ವಕ್ರತೆ ಸೊನ್ನೆ, ಉಬ್ಬಿದ ಕುಂಭಕ್ಕೆ ಧನ, ಸಪೂರವಾದ ಕೊರಳಿಗೆ ಋಣ. ಶಾಸನದ ಪಡಿಯಚ್ಚು ತೆಗೆಯುವವರು ಇದನ್ನು ಕೈಯಿಂದಲೇ ಬಲ್ಲರು. ಒದ್ದೆ ಕಾಗದ ನೇರ ದಿಂಡಿಗೆ ಸಲೀಸಾಗಿ ಅಂಟುತ್ತದೆ. ಕುಂಭಕ್ಕೆ ಒತ್ತಿದರೆ ಸುಕ್ಕುಗಟ್ಟುತ್ತದೆ, ಕೊರಳಿಗೆ ಒತ್ತಿದರೆ ಅಂಚು ಹರಿಯುತ್ತದೆ. ಹಿಗ್ಗಿಸದೆ, ಕುಗ್ಗಿಸದೆ ಬಗ್ಗಿಸಿದರೆ ವಕ್ರತೆ ಬದಲಾಗದು ಎಂಬ ಗಾಸನ ಪ್ರಮೇಯದ ಒಳಗುಟ್ಟು ಇದೇ.

ಬಾಗಿದ ಮೈಯನ್ನು ಅಳೆಯುವ ಪ್ರಯತ್ನ ಕನ್ನಡ ನಾಡಿನಲ್ಲಿ ಈ ಕಂಬಗಳಿಗಿಂತ ಹಳೆಯದು. ರಾಷ್ಟ್ರಕೂಟ ಅಮೋಘವರ್ಷನನ್ನು ಹೊಗಳಿ ಮಹಾವೀರಾಚಾರ್ಯ ಸುಮಾರು 850ರಲ್ಲಿ ‘ಗಣಿತಸಾರಸಂಗ್ರಹ’ ಬರೆದ. ಅವನನ್ನು ಗದಗಿನವನನ್ನಾಗಿ ಮಾಡುವ ಆಸೆ ನನಗಿಲ್ಲ. ಆದರೆ ಅದೇ ಅಮೋಘವರ್ಷನ 866ರ ಶಾಸನ ಗದಗಿನ ಹತ್ತಿರದ ನೀಲಗುಂದದಲ್ಲಿದೆ, ಅದೇ ಆಸ್ಥಾನದ ‘ಕವಿರಾಜಮಾರ್ಗ’ ಕನ್ನಡದ ತಿರುಳನ್ನು ಗುರುತಿಸುವಾಗ ಪುಲಿಗೆರೆಯನ್ನು, ಇಂದಿನ ಲಕ್ಷ್ಮೇಶ್ವರವನ್ನು, ಹೆಸರಿಸುತ್ತದೆ. ರಂಗಾಚಾರ್ಯರು 1912ರಲ್ಲಿ ಮದ್ರಾಸಿನಿಂದ ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟಿಸಿದ ಈ ಸಂಸ್ಕೃತ ಗ್ರಂಥವನ್ನು ಪದ್ಮಾವತಮ್ಮನವರು ಕನ್ನಡಕ್ಕೆ ತಂದಿದ್ದಾರೆ.

ಸಂಖ್ಯೆಗಳ ಆಟದಲ್ಲಿ ಮಹಾವೀರನಿಗೆ ಮಕ್ಕಳಂಥ ಖುಷಿ. 139ನ್ನು 109ರಿಂದ ಗುಣಿಸಿದರೆ 15151, 12345679ನ್ನು 9ರಿಂದ ಗುಣಿಸಿದರೆ ಒಂಬತ್ತು ಒಂದುಗಳು. ಇಂಥವುಗಳನ್ನು ಅವನು ಕೊರಳ ಹಾರ ಎನ್ನುತ್ತಾನೆ. ಕ್ಷೇತ್ರಗಣಿತಕ್ಕೆ ಬಂದಾಗ ತಗ್ಗಾದ ‘ನಿಮ್ನವೃತ್ತ’, ಉಬ್ಬಾದ ‘ಉನ್ನತವೃತ್ತ’ ಎಂಬ ಎರಡು ಮೈಗಳನ್ನು ಎತ್ತಿಕೊಳ್ಳುತ್ತಾನೆ. ಹೋಮಕುಂಡದಂಥದ್ದು ಒಂದು, ಆಮೆಯ ಬೆನ್ನಿನಂಥದ್ದು ಇನ್ನೊಂದು. ಸೂತ್ರ ಸರಳ: ಪರಿಧಿಯ ಕಾಲು ಭಾಗವನ್ನು ವಿಷ್ಕಂಭದಿಂದ ಗುಣಿಸು. ವಿಷ್ಕಂಭ ಎಂದರೆ ಮೈಯ ಮೇಲೆ ಹಾದುಹೋಗುವ ಬಾಗಿದ ಅಗಲ ಎಂದೇ ಇಟ್ಟುಕೊಳ್ಳೋಣ. ತ್ರಿಜ್ಯ 1 ಇರುವ ಅರ್ಧಗೋಳಕ್ಕೆ ಸೂತ್ರ ಕೊಡುವುದು ಸುಮಾರು 4.93, ನಿಜವಾದ ಉತ್ತರ 6.28. ಐದರಲ್ಲೊಂದು ಪಾಲಿಗಿಂತ ಹೆಚ್ಚು ಕಡಿಮೆ! ಆದರೆ ಮೈ ಚಪ್ಪಟೆಯಾದಷ್ಟೂ ತಪ್ಪು ಕರಗುತ್ತ ಹೋಗುತ್ತದೆ. ತೆಳುವಾಗಿ ಉಬ್ಬಿದ ಆಮೆಯ ಬೆನ್ನಿಗೆ ಅದು ಚೆನ್ನಾಗಿಯೇ ಒದಗುತ್ತದೆ. ಉದಾಹರಣೆಗೆ ಚೆಂಡಿನ ಬದಲು ಆಮೆ ಬಂದದ್ದು ಆಕಸ್ಮಿಕ ಎಂದು ನನಗೆ ಅನ್ನಿಸುವುದಿಲ್ಲ.

ಗಮನಿಸಬೇಕಾದ್ದು ಇನ್ನೊಂದಿದೆ. ತಗ್ಗು, ಉಬ್ಬು ಎರಡೂ ಗಾಸನ ಅಳತೆಯಲ್ಲಿ ಧನ ವಕ್ರತೆಯವೇ. ಬಟ್ಟಲನ್ನು ಬೋರಲು ಹಾಕಿದರೆ ವಕ್ರತೆ ಬದಲಾಗದು. ಮಹಾವೀರನ ಈ ಜೋಡಿಯಲ್ಲಿ ಋಣ ವಕ್ರತೆಯ ಮೈಗೆ, ಅಂದರೆ ಲಕ್ಕುಂಡಿಯ ಕಂಬದ ಕೊರಳಿಗೆ, ಜಾಗವಿಲ್ಲ. ಕೆಲವೇ ಶತಮಾನಗಳಲ್ಲಿ ಶಿಲ್ಪಿ ಅದನ್ನು ಸಾಲುಸಾಲಾಗಿ ಕಡೆದು ನಿಲ್ಲಿಸಿದ. ಬೆಟಗೇರಿಯ ಮಗ್ಗದ ಮನೆಯಲ್ಲಿ ಕಂಡಿಕೆಗೆ ನೂಲು ಸುತ್ತುವವರ ಕೈಗೂ ಆ ಮೈಯ ಗುಣ ಗೊತ್ತು: ಉಬ್ಬಿನ ಮೇಲೆ ಬಿಗಿದ ಎಳೆ ಜಾರುತ್ತದೆ, ಜಾರಿ ಸಪೂರವಾದ ನಡುವಿನಲ್ಲಿ ಹೋಗಿ ಕೂರುತ್ತದೆ.