ಖಾಲಿ ದೋಸೆಯ ಲೆಕ್ಕ: ಕಾರ್ಟೀಸಿಯನ್ ಪ್ರಾಡಕ್ಟ್ ಲೈಬ್ರರಿಗೆ ಬಂದ ಕಥೆ

1/8 👇
ಕಳೆದ ವಾರ ಲ್ಯಾಬಲ್ಲಿ ನಾನೊಂದು ಹೋಟೆಲ್ ಮೆನು ಪ್ರೋಗ್ರಾಮ್ ಬರೀತಿದ್ದೆ. ದೋಸೆ 3 ಥರ: ಮಸಾಲೆ, ಸೆಟ್, ರವೆ. ಜೊತೆಗೆ 2 ಆಯ್ಕೆ: ಚಟ್ನಿ ಅಥವಾ ಸಾಂಬಾರ್. ಒಟ್ಟು ಎಷ್ಟು ಥರ ಆರ್ಡರ್ ಮಾಡಬಹುದು? ಲೂಪೊಳಗೆ ಲೂಪ್ ಹಾಕಿದ್ರೆ 6 ಬಂತು. ಕಾಫಿ, ಟೀ ಸೇರಿಸಿದ್ರೆ ಮೂರನೇ ಲೂಪ್, 12 ಬಂತು. ಆಮೇಲೆ ಸಿಕ್ಕಿಹಾಕ್ಕೊಂಡೆ. ಪಟ್ಟಿ ಎಷ್ಟು ಅಂತ ಮೊದಲೇ ಗೊತ್ತಿಲ್ಲದಿದ್ರೆ ಎಷ್ಟು ಲೂಪ್ ಬರೀಬೇಕು? ರಿಕರ್ಷನ್ ಬರೆದೆ. ರನ್ ಮಾಡಿದ್ರೆ ಉತ್ತರ ಪೂರ್ತಿ ಖಾಲಿ. ಒಂದು ದೋಸೆನೂ ಬರ್ಲಿಲ್ಲ!

ತಪ್ಪು ಎಲ್ಲಿತ್ತು ಅಂತ ಹುಡುಕ್ತಾ ಹೋದಾಗ ಒಂದು ಇತಿಹಾಸವೇ ಸಿಕ್ತು. ಅದೇ ಈ ಸರಣಿ. ಕೊನೇವರೆಗೂ ಓದಿ, ನನ್ನ ತಪ್ಪು 6ನೇ ಭಾಗದಲ್ಲಿದೆ.

2/8
ಮೊದಲು ಹೆಸರಿನ ವಿಷಯ. ರೆನೆ ಡೆಕಾರ್ಟ್ ಫ್ರಾನ್ಸಿನವರು. ಅವರ ಹೆಸರಿನ ಲ್ಯಾಟಿನ್ ರೂಪ ಕಾರ್ಟೀಸಿಯಸ್. 1637ರಲ್ಲಿ ಬಂದ ಅವರ 'ಲಾ ಜ್ಯಾಮೆಟ್ರಿ' ಕೃತಿ ಬೀಜಗಣಿತವನ್ನೂ ರೇಖಾಗಣಿತವನ್ನೂ ಒಂದುಗೂಡಿಸಿತು. ಒಂದು ಬಿಂದು ಅಂದ್ರೆ ಎರಡು ಸಂಖ್ಯೆಗಳ ಜೋಡಿ ಅಂತ ನಾವು ಗ್ರಾಫ್ ಶೀಟ್ ಮೇಲೆ ಕಲಿಯೋದು ಆ ದಾರಿಯಿಂದಲೇ ಬಂದದ್ದು. ಆದ್ರೆ ಗಣಸಿದ್ಧಾಂತ ಹುಟ್ಟಿದ್ದು 19ನೇ ಶತಮಾನದಲ್ಲಿ, ಕ್ಯಾಂಟರ್ ಕಾಲಕ್ಕೆ. ಅಂದ್ರೆ ಎರಡು ಗಣಗಳ 'ಕಾರ್ಟೀಸಿಯನ್ ಗುಣಲಬ್ಧ'ವನ್ನ ಡೆಕಾರ್ಟ್ ಸ್ವತಃ ಬರೆದದ್ದಲ್ಲ, ಹೆಸರು ಗೌರವಕ್ಕೆ ಬಂದದ್ದು. 'ಗುಣಲಬ್ಧ' ಯಾಕೆ? 3 ದೋಸೆ, 2 ಜೊತೆ, 3 × 2 = 6. ಅಷ್ಟೇ.

ಡೇಟಾಬೇಸ್ ಕ್ಲಾಸಲ್ಲಿ ಇದನ್ನ ಬೇರೆ ವೇಷದಲ್ಲಿ ನೋಡಿದೀವಿ. 1970ರಲ್ಲಿ ಕಾಡ್ ರಿಲೇಶನಲ್ ಮಾದರಿ ಮಂಡಿಸಿದರು, ಅದರ ತಳಪಾಯದಲ್ಲೇ ಈ ಗುಣಲಬ್ಧ ಇದೆ. ಎರಡು ಟೇಬಲ್ ಬರೆದು ಷರತ್ತು ಹಾಕೋದು ಮರೆತ್ರೆ ಸಾವಿರ ಸಾಲು ಹತ್ತು ಲಕ್ಷ ಆಗೋದು ಇದರಿಂದಲೇ.

3/8
ಇದಕ್ಕೂ ಬಹಳ ಹಿಂದೆ ನಮ್ಮ ಛಂದಸ್ಸಿನವರು ಇದೇ ಕೆಲಸ ಮಾಡ್ತಿದ್ರು. ಹೈಸ್ಕೂಲಲ್ಲಿ ಯಮಾತಾರಾಜಭಾನಸಲಗಂ ಬಾಯಿಪಾಠ ಮಾಡಿದ್ದು ನೆನಪಿದೆಯಾ? ಗುರು, ಲಘು ಎರಡೇ ಆಯ್ಕೆ, ಮೂರು ಸ್ಥಾನ. 2 × 2 × 2 = 8 ಗಣ. ಎಲ್ಲ ವಿನ್ಯಾಸಗಳನ್ನೂ ಒಂದೂ ಬಿಡದೆ, ಎರಡು ಸಲ ಬರೆಯದೆ, ಸಾಲಾಗಿ ಇಡೋದಕ್ಕೆ ಪಿಂಗಳನ ಪರಂಪರೆಯಲ್ಲಿ 'ಪ್ರಸ್ತಾರ' ಅಂತ ಹೆಸರು. ಕನ್ನಡದಲ್ಲಿ 10ನೇ ಶತಮಾನದ ನಾಗವರ್ಮನ 'ಛಂದೋಂಬುಧಿ' ಕೂಡ ಷಟ್‌ಪ್ರತ್ಯಯ ಅಂತ ಈ ಲೆಕ್ಕಗಳನ್ನ ಹೇಳುತ್ತೆ.

ವಿಧಾನ ಸುಲಭ. ಮೊದಲ ಸಾಲು ಎಲ್ಲಾ ಗುರು. ಮುಂದಿನ ಸಾಲಿಗೆ ಎಡದಿಂದ ಸಿಗೋ ಮೊದಲ ಗುರುವನ್ನ ಲಘು ಮಾಡು, ಅದರ ಬಲಕ್ಕಿರೋದನ್ನ ಹಾಗೇ ಇಳಿಸು, ಎಡಕ್ಕಿರೋದನ್ನೆಲ್ಲ ಗುರು ಮಾಡು. ಎಲ್ಲಾ ಲಘು ಬಂದಾಗ ನಿಲ್ಲಿಸು. ಬರೆದು ನೋಡಿ: ಮ, ಯ, ರ, ಸ, ತ, ಜ, ಭ, ನ. ಇದು ಪಕ್ಕಾ ಅಲ್ಗಾರಿದಮ್ ಕಣ್ರೀ.

4/8
ಈಗ ಪೈಥಾನ್. 2000ದಲ್ಲಿ ಬಂದ ಪೈಥಾನ್ 2.0 ಲಿಸ್ಟ್ ಕಾಂಪ್ರಿಹೆನ್ಷನ್ ತಂತು. ಎರಡು 'ಫಾರ್' ಒಂದೇ ಸಾಲಲ್ಲಿ ಬರೆಯೋ ಅನುಕೂಲ ಸಿಕ್ತು, ಆದ್ರೆ ಎಷ್ಟು 'ಫಾರ್' ಅಂತ ಬರೆಯುವಾಗಲೇ ಗೊತ್ತಿರಬೇಕು. 2003ರ ಪೈಥಾನ್ 2.3ರಲ್ಲಿ ರೇಮಂಡ್ ಹೆಟ್ಟಿಂಗರ್ ಅವರ ಐಟರ್‌ಟೂಲ್ಸ್ ಮಾಡ್ಯೂಲ್ ಸೇರಿತು. ಎಪಿಎಲ್, ಹ್ಯಾಸ್ಕೆಲ್, ಎಸ್‌ಎಂಎಲ್ ಭಾಷೆಗಳಿಂದ ಸ್ಫೂರ್ತಿ ಪಡೆದದ್ದು ಅಂತ ಅದರ ದಾಖಲೆಯೇ ಹೇಳುತ್ತೆ. ಆದ್ರೂ 'ಪ್ರಾಡಕ್ಟ್' ಫಂಕ್ಷನ್ ಬಂದದ್ದು ಐದು ವರ್ಷ ತಡವಾಗಿ, 2008ರ ಪೈಥಾನ್ 2.6ರಲ್ಲಿ. ಅದೇ ವರ್ಷ ರೂಬಿ 1.8.7 ಕೂಡ ಅರೇಗೆ 'ಪ್ರಾಡಕ್ಟ್' ಕೊಟ್ಟಿತು.

ನಾಲ್ಕು ಸಾಲಿನ ಫಂಕ್ಷನ್ ಅಲ್ವಾ, ಅದರಲ್ಲಿ ಯೋಚಿಸೋಕೆ ಏನಿದೆ ಅನ್ಸುತ್ತೆ. ಲೈಬ್ರರಿಗೆ ಒಂದು ಸಲ ಸೇರಿದ್ರೆ ಲಕ್ಷಾಂತರ ಜನ ಅದರ ಮೇಲೆ ಕೋಡ್ ಕಟ್ತಾರೆ. ಆಮೇಲೆ ಬದಲಾಯಿಸಿದ್ರೆ ಅವರದ್ದೆಲ್ಲ ಮುರಿಯುತ್ತೆ. ಅದಕ್ಕೇ ಪ್ರತಿ ಪ್ರಶ್ನೆಗೂ ಮೊದಲೇ ಉತ್ತರ ಬೇಕು.

5/8
ಪ್ರಶ್ನೆ ಒಂದು: ಯಾವ ಕ್ರಮ? ಪೈಥಾನ್ ಉತ್ತರ ಬೈಕಿನ ಓಡೋಮೀಟರ್ ಥರ. ಬಲಗಡೆಯದು ಬೇಗ ತಿರುಗುತ್ತೆ, ಎಡಗಡೆಯದು ನಿಧಾನ. ಲೂಪೊಳಗಿನ ಲೂಪ್ ಕೂಡ ಹಾಗೇ ತಾನೇ? ಪಟ್ಟಿಗಳು ವಿಂಗಡಿಸಿದ ಕ್ರಮದಲ್ಲಿದ್ರೆ ಫಲಿತಾಂಶವೂ ಅದೇ ಕ್ರಮದಲ್ಲಿ ಬರುತ್ತೆ. ಪ್ರಸ್ತಾರದಲ್ಲಿ ಉಲ್ಟಾ, ಎಡಗಡೆಯದು ಬೇಗ.

ಪ್ರಶ್ನೆ ಎರಡು: ಎಲ್ಲಾ ಒಟ್ಟಿಗೆ ಕೊಡೋದಾ, ಒಂದೊಂದಾಗಿ ಕೊಡೋದಾ? 6 ಅಂಕಿಯ ಓಟಿಪಿ ಎಲ್ಲಾ ಸೇರಿದ್ರೆ 10 ಲಕ್ಷ. 10 ಅಂಕಿ ಆದ್ರೆ 1000 ಕೋಟಿ, ಮೆಮೊರಿ ಎಲ್ಲಿಂದ ತರೋದು? ಪೈಥಾನ್ ಒಂದೊಂದಾಗಿ ಕೊಡುತ್ತೆ. ಆದ್ರೆ ಶುರು ಮಾಡೋ ಮೊದಲು ಕೊಟ್ಟ ಪಟ್ಟಿಗಳನ್ನೆಲ್ಲ ಪೂರ್ತಿ ಓದಿ ಇಟ್ಕೊಳ್ಳುತ್ತೆ. ಯಾಕಂದ್ರೆ ಚಟ್ನಿ-ಸಾಂಬಾರ್ ಪಟ್ಟಿಯನ್ನ ಪ್ರತಿ ದೋಸೆಗೂ ಮತ್ತೆ ಮೊದಲಿಂದ ಓದಬೇಕು. ಮುಗಿಯದ ಪಟ್ಟಿ ಕೊಟ್ರೆ ಅಲ್ಲೇ ಸಿಕ್ಕಿಬೀಳುತ್ತೆ. ಸಿ ಪ್ಲಸ್ ಪ್ಲಸ್ 23 ಇಲ್ಲಿ ಸ್ವಲ್ಪ ಸಡಿಲ ಬಿಟ್ಟಿದೆ. ಮೊದಲ ಪಟ್ಟಿಯನ್ನ ಒಂದೇ ಸಲ ಓದೋದ್ರಿಂದ ಅದು ಮತ್ತೆ ಓದಲಾಗದ್ದಾದ್ರೂ ನಡೆಯುತ್ತೆ. ಉಳಿದವು ಮತ್ತೆ ಓದೋಕೆ ಬರುವಂಥವೇ ಆಗಿರಬೇಕು.

6/8
ಪ್ರಶ್ನೆ ಮೂರು, ನನ್ನ ಮುಳುಗಿಸಿದ್ದು: ಒಂದೂ ಪಟ್ಟಿ ಕೊಡದೇ ಕರೆದ್ರೆ ಏನು ಬರಬೇಕು?

'ಏನೂ ಕೊಡ್ಲಿಲ್ಲ, ಏನೂ ಬರಬಾರದು' ಅಂತ ನಾನೂ ಅಂದ್ಕೊಂಡಿದ್ದೆ. ರಿಕರ್ಷನ್ ಕೊನೆಯಲ್ಲಿ ಖಾಲಿ ಪಟ್ಟಿ ಹಿಂತಿರುಗಿಸಿದ್ದೆ. ತಪ್ಪು! ಸರಿಯಾದ ಉತ್ತರ: ಒಂದೇ ಒಂದು ಫಲಿತಾಂಶ, ಅದರೊಳಗೆ ಏನೂ ಇಲ್ಲ.

ಖಾಲಿ ದೋಸೆ ನೆನಪಿಸ್ಕೊಳ್ಳಿ. ಖಾಲಿ ದೋಸೆ ಅಂದ್ರೆ ದೋಸೆ ಇಲ್ಲ ಅಂತಲ್ಲ. ಒಳಗೆ ಪಲ್ಯ ಇಲ್ಲ, ಆದ್ರೆ ತಟ್ಟೆಯಲ್ಲಿ ದೋಸೆ ಇದೆ. ಆಯ್ಕೆ ಮಾಡೋಕೇ ಏನೂ ಇಲ್ಲದಿದ್ರೆ ಆರ್ಡರ್ ಕೊಡೋ ದಾರಿ ಒಂದೇ: ಸುಮ್ನೆ ಆರ್ಡರ್ ಕೊಡೋದು. ಅದೇ ಬೇರೆ ಸಂದರ್ಭ ನೋಡಿ. ಜೊತೆ ಒಂದು ಆರಿಸಲೇಬೇಕು ಅಂತ ಇದೆ, ಚಟ್ನಿನೂ ಮುಗಿದಿದೆ ಸಾಂಬಾರೂ ಮುಗಿದಿದೆ. ಆಗ ಆರ್ಡರ್ 0. 'ಪಟ್ಟಿಯೇ ಇಲ್ಲ' ಬೇರೆ, 'ಪಟ್ಟಿ ಇದೆ ಆದ್ರೆ ಖಾಲಿ' ಬೇರೆ.

ಗುಣಾಕಾರ 1ರಿಂದ ಶುರುವಾಗಬೇಕು. 0ಯಿಂದ ಶುರು ಮಾಡಿದ್ರೆ ಮುಂದೆ ಏನು ಗುಣಿಸಿದ್ರೂ 0. ನನ್ನ 12 ದೋಸೆ ಆರ್ಡರ್ ಮಾಯ ಆಗಿದ್ದು ಹೀಗೆ.

7/8
ದೊಡ್ಡವರೂ ಇಲ್ಲಿ ತಡವರಿಸಿದ್ದಾರೆ, ಅದು ಸಮಾಧಾನ 😅 ಹ್ಯಾಸ್ಕೆಲ್‌ನ 'ಸೀಕ್ವೆನ್ಸ್' ಖಾಲಿಗೆ ಒಂದು ಖಾಲಿ ಪಟ್ಟಿ ಇರೋ ಪಟ್ಟಿ ಕೊಡುತ್ತೆ. ಪೈಥಾನ್ ಒಂದು ಖಾಲಿ ಟಪಲ್ ಕೊಡುತ್ತೆ. ರೂಬಿಯಲ್ಲಿ ಈ ಪ್ರಶ್ನೆಯೇ ಏಳಲ್ಲ, ಕರೆಯೋಕೆ ಒಂದು ಅರೇ ಇರಲೇಬೇಕು. ರಸ್ಟ್‌ನ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿ ಇದು ಇಲ್ಲ, ಜನ ಬಳಸೋದು ಐಟರ್‌ಟೂಲ್ಸ್ ಅನ್ನೋ ಹೊರಗಿನ ಪ್ಯಾಕೇಜ್. ಅದರಲ್ಲಿ ಖಾಲಿ ಸಂದರ್ಭಕ್ಕೆ ಏನೂ ಬರ್ತಿರ್ಲಿಲ್ಲ. 2024ರ 0.13 ಆವೃತ್ತಿಯಲ್ಲಿ ಸರಿ ಮಾಡಿದರು, ಅದೂ ಹಳೇ ಕೋಡ್ ಮುರಿಯಬಹುದಾದ ಬದಲಾವಣೆಗಳ ಪಟ್ಟಿಯಲ್ಲಿ ಹಾಕಿ. ಸಿ ಪ್ಲಸ್ ಪ್ಲಸ್ ಸಮಿತಿಯ ಮುಂದೆ ಈ ಖಾಲಿ ಗುಣಲಬ್ಧದ ಬಗ್ಗೆಯೇ ಪಿ2540 ಅಂತ ಒಂದು ಪ್ರತ್ಯೇಕ ಪ್ರಸ್ತಾವ ಬಂತು. ಕೊನೆಗೆ 23ರ ಮಾನದಂಡದಲ್ಲಿ 'ಜಿಪ್'ಗೆ ಏನೂ ಕೊಡದಿದ್ರೆ ಏನೂ ಬರಲ್ಲ, ಗುಣಲಬ್ಧಕ್ಕೆ ಏನೂ ಕೊಡದಿದ್ರೆ ಒಂದು ಖಾಲಿ ಟಪಲ್ ಬರುತ್ತೆ.

8/8
ಕೊನೆಯದು, ನನಗೆ ತುಂಬಾ ಇಷ್ಟವಾದದ್ದು. ಷಟ್‌ಪ್ರತ್ಯಯದಲ್ಲಿ 'ನಷ್ಟ' ಅಂತ ಒಂದಿದೆ: ಪ್ರಸ್ತಾರ ಪೂರ್ತಿ ಬರೆಯದೆ ಇಂತಿಷ್ಟನೇ ಸಾಲು ಯಾವುದು ಅಂತ ಹೇಳೋದು. ಸಂಖ್ಯೆ ಸಮ ಆದ್ರೆ ಲಘು ಬರೆದು ಅರ್ಧ ಮಾಡು. ಬೆಸ ಆದ್ರೆ ಗುರು ಬರೆದು, 1 ಸೇರಿಸಿ ಅರ್ಧ ಮಾಡು. 6ನೇ ಸಾಲು? 6 ಸಮ, ಲಘು. 3 ಬೆಸ, ಗುರು. 2 ಸಮ, ಲಘು. ಲಘು-ಗುರು-ಲಘು, ಜಗಣ. ಮೇಲಿನ ಪಟ್ಟಿಯಲ್ಲಿ ಎಣಿಸಿ ನೋಡಿ! ಇದರ ವಿರುದ್ಧ ದಿಕ್ಕು 'ಉದ್ದಿಷ್ಟ': ಸಾಲು ಕೊಟ್ರೆ ಸಂಖ್ಯೆ ಹೇಳೋದು. ಪೈಥಾನ್‌ನ ಪ್ರಾಡಕ್ಟ್‌ಗೆ ಇವೆರಡೂ ಬರಲ್ಲ. ಮೋರ್ ಐಟರ್‌ಟೂಲ್ಸ್ ಅನ್ನೋ ಹೊರಗಿನ ಪ್ಯಾಕೇಜಲ್ಲಿ ಎರಡೂ ಇವೆ, ಒಂದರ ಹೆಸರು 'ಎನ್‌ತ್ ಪ್ರಾಡಕ್ಟ್', ಇನ್ನೊಂದು 'ಪ್ರಾಡಕ್ಟ್ ಇಂಡೆಕ್ಸ್'.

ನಾನು ನನ್ನ ರಿಕರ್ಷನ್‌ನಲ್ಲಿ ಒಂದೇ ಒಂದು ಕಡೆ ಬದಲಾಯಿಸಿದೆ: ಖಾಲಿ ಪಟ್ಟಿ ಇದ್ದ ಜಾಗದಲ್ಲಿ, ಖಾಲಿ ಪಟ್ಟಿಯೊಂದನ್ನ ಒಳಗಿಟ್ಕೊಂಡ ಪಟ್ಟಿ. 12 ದೋಸೆನೂ ವಾಪಸ್ ಬಂದ್ವು.

ಇಂಟರ್ನಲ್ಸ್‌ಗೆ ಮೊದಲು ಸೇವ್ ಮಾಡ್ಕೊಳ್ಳಿ. ಮನೆಗೆಲಸ: 4 ಅಕ್ಷರದ ಪ್ರಸ್ತಾರದಲ್ಲಿ 11ನೇ ಸಾಲು ಯಾವುದು? ಕಾಮೆಂಟಲ್ಲಿ ಹಾಕಿ, ಪೂರ್ತಿ ಪಟ್ಟಿ ಬರೆಯೋ ಹಾಗಿಲ್ಲ ಮತ್ತೆ!

#ಕೋಡ್‌ಕಥೆ #ಪೈಥಾನ್‌ಕನ್ನಡ #ಖಾಲಿದೋಸೆ #ಛಂದಸ್ಸು